ಕಡೆಯ ಪಂಕ್ತಿಯ ಒಂಬತ್ತು ರೆಕಾರ್ಡು

ಗಂಗಾವತಿಯ ಜಿಲಾನಸಾಬರಿಗೆ ಚಹಾ ಕೊಡುವವರು ಮೊದಲು ತಾವೊಂದು ಗುಟುಕು ಕುಡಿದು ತೋರಿಸಬೇಕು ಎಂದು ಅವರ ಓಣಿಯಲ್ಲಿ ಒಂದು ಮಾತಿದೆ. ಮಾತು ಸ್ವಲ್ಪ ಹೆಚ್ಚಾಯಿತು, ಆದರೆ ಬುಡವಿಲ್ಲದ್ದೇನೂ ಅಲ್ಲ. ಮಸೀದಿಗೆ ಹೋದರೆ ಒಂದು ಚಪ್ಪಲಿಯನ್ನು ಬಾಗಿಲ ಈ ಕಡೆ, ಇನ್ನೊಂದನ್ನು ಆ ಕಡೆ ಬಿಡುವ ಮನುಷ್ಯ ಅವರು. ಒಂಟಿ ಚಪ್ಪಲಿಯನ್ನು ಯಾವ ಕಳ್ಳ ಒಯ್ದಾನು? ಬಸ್ಸಿನಲ್ಲಿ ಪಕ್ಕದವರು "ಎಲ್ಲಿಗೆ ಹೊಂಟೀರಿ?" ಎಂದು ಕೇಳಿದರೆ ಊರ ಹೆಸರು ಹೇಳುವುದಿಲ್ಲ, "ಮುಂದ" ಎನ್ನುತ್ತಾರೆ.

ಇಂಥವರು ನಲವತ್ತು ವರ್ಷ ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದಿದರು. ಕೆಂಪು ಕೋಟು, ಅದರ ತೋಳಿಗೆ ಬಂಗಾರ ಬಣ್ಣದ ಪಟ್ಟಿ, ಕೊರಳಲ್ಲಿ ನೇತಾಡುವ ಹಿತ್ತಾಳೆ ವಾದ್ಯ. ಮೆರವಣಿಗೆಯಲ್ಲಿ ಊದುವುದೆಲ್ಲ ಪರರ ಹಾಡು. ವರನ ಗೆಳೆಯರು ಒಂದು ಕೇಳುತ್ತಾರೆ, ಬೀಗರು ಇನ್ನೊಂದು ಕೇಳುತ್ತಾರೆ, ಯಾರದೋ ಭಾವಮೈದುನ ಬಂದು ಎರಡನ್ನೂ ನಿಲ್ಲಿಸಿ ಮೂರನೆಯದನ್ನು ಕೇಳುತ್ತಾನೆ. ಮನುಷ್ಯನಿಗೆ ತನ್ನದೆನ್ನುವ ಒಂದು ಉಸಿರೂ ಸಿಕ್ಕುವುದಿಲ್ಲ.

ಸಿಕ್ಕುತ್ತಿದ್ದದ್ದು ವಧೂವರರಿಗೆ ಅಕ್ಕಿಕಾಳು ಬಿದ್ದ ಮೇಲೆ. ನಮ್ಮ ಸೀಮೆಯ ಮದುವೆಗಳಲ್ಲಿ ಬ್ಯಾಂಡಿನವರ ಊಟ ಕಡೆಯ ಪಂಕ್ತಿಗೆ. ಬೀಗರು ಉಂಡು, ಊರವರು ಉಂಡು, ಬಡಿಸಿದವರು ಉಂಡು, ಆಮೇಲೆ ಇವರು. ಒಂದೂವರೆ ತಾಸು ಕಾಯಬೇಕು. ಉಳಿದವರು ನೆರಳು ಹುಡುಕಿ ಮಲಗುತ್ತಿದ್ದರು. ಜಿಲಾನಸಾಬರು ಪಾತ್ರೆ ತೊಳೆಯುವ ಹಿತ್ತಿಲ ಕಡೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತು ಊದುತ್ತಿದ್ದರು. ಬೆನ್ನ ಹಿಂದೆ ಯಾರಾದರೂ ಕಲಿತುಕೊಂಡಾರು ಎಂಬ ಸಂಶಯ ಬೇರೆ, ಬೆರಳು ಕಾಣದಂತೆ ಟವೆಲ್ಲು ಮುಚ್ಚಿಕೊಳ್ಳುತ್ತಿದ್ದರು.

ಕಲಿಯಲು ಅದರಲ್ಲಿ ಏನಿತ್ತು ಎಂದು ಕೇಳಿದರೆ ಹೇಳುವುದು ಕಷ್ಟ. ಪಲ್ಲವಿ ಇಲ್ಲ, ತಾಳ ಇಲ್ಲ. ಒಂದು ಸ್ವರ ಹಿಡಿದು ಅದು ಹರಿಯುವ ತನಕ ಎಳೆಯುವುದು; ಹರಿದ ಮೇಲೆ ಆ ಚಿಂದಿಗಳನ್ನೇ ಒಂದೊಂದಾಗಿ ಎತ್ತಿ ಊದುವುದು. ಎಣ್ಣೆ ಕಾಣದ ಗಾಡಿಯ ಅಚ್ಚು ಎಂದವರಿದ್ದರು. ಈಯುವ ಎಮ್ಮೆ ಎಂದವರಿದ್ದರು. ಹುಲಿಹೈದರದ ಒಂದು ಮದುವೆಯಲ್ಲಿ ಹುಡುಗಿಯ ಸೋದರಮಾವ ಅನ್ನದ ಕೈಯಲ್ಲೇ ಓಡಿ ಬಂದಿದ್ದ.

"ಯಾಕ್ರೀ ಸಾಬರ, ಲಗ್ನದ ಮನ್ಯಾಗ ಹಿಂಗ ಅಳಾಕತ್ತೀರಿ? ಹಸಿವಾಗಿದ್ರ ಬಾಯಿ ಬಿಟ್ಟು ಹೇಳಬಾರದೇನು?" ಎಂದವನೇ ಅವರನ್ನು ಎಳೆದೊಯ್ದು ಎರಡನೆಯ ಪಂಕ್ತಿಯಲ್ಲೇ ಕೂರಿಸಿ ಗೋಧಿ ಹುಗ್ಗಿ ಬಡಿಸಿದ. ಮುದುಕ ಊಟಕ್ಕಾಗಿಯೇ ಈ ಆಟ ಹೂಡಿದ್ದಾನೆಂದು ಬ್ಯಾಂಡಿನವರು ಒಂದು ವರ್ಷ ಸಂಶಯಪಟ್ಟರು.

ಕಡೆಯ ಪಂಕ್ತಿಗೆ ಕಾಯುವವನು ಇನ್ನೊಬ್ಬನಿದ್ದ, ಮದುವೆ ವಿಡಿಯೋ ಹಿಡಿಯುವ ಕೊಟ್ರೇಶ. ಒಂದು ದಿನ ಮೈಕು ಪರೀಕ್ಷೆ ಮಾಡುತ್ತ ಇವರ ಊದನ್ನು ಹಿಡಿದುಬಿಟ್ಟ. ಕಿವಿಗೆ ಹಾಕಿ ಕೇಳಿದ. ಇನ್ನೊಮ್ಮೆ ಕೇಳಿದ.

"ಚಾಚಾ, ಹೊರದೇಶದಾಗ ಇದಕ್ಕ ಫ್ರೀ ಜಾಜ್ ಅಂತಾರ. ಟಿಕೀಟು ತಗೊಂಡು ಕುಂತು ಕೇಳತಾರ."

"ಟಿಕೀಟು ತಗೊಂಡ ಮ್ಯಾಲ ಫ್ರೀ ಹೆಂಗಪಾ?" ಎಂದರು ಜಿಲಾನಸಾಬ. "ನನ್ನ ಮಂಗ್ಯಾ ಮಾಡಾಕತ್ತೀಯೇನು?"

ಆದರೂ ಕೊಟ್ರೇಶ ಬಿಡಲಿಲ್ಲ. ಹತ್ತು ವರ್ಷದಲ್ಲಿ ಒಂಬತ್ತು ಹಿಡಿದ. ಒಂದೊಂದಕ್ಕೂ ಅಂದಿನ ಊರು, ಅಂದಿನ ಊಟ ಸೇರಿಸಿ ಹೆಸರಿಟ್ಟ. ಒಂದನೆಯದು ಹುಲಿಹೈದರದ ಹುಗ್ಗಿ. ಮೂರನೆಯದು ಕುಷ್ಟಗಿ ಬದನೆಕಾಯಿ. ಜಿಲಾನಸಾಬರಿಗೆ ಎಲ್ಲಕ್ಕಿಂತ ಮೆಚ್ಚು ಅದೇ. ಅವತ್ತು ಕರೆಂಟು ಹೋಗಿ, ಜನರೇಟರೂ ಕೆಟ್ಟು, ಮಂಟಪವೆಲ್ಲ ಒಂದು ಗಳಿಗೆ ಸುಮ್ಮನಾಗಿತ್ತು. ಆ ಸುಮ್ಮನಿನ ಮೇಲೆ ಇವರು ಒಂದೇ ಒಂದು ಸ್ವರವನ್ನು ಇಟ್ಟಿದ್ದರು, ಹಸುಗೂಸನ್ನು ತೊಟ್ಟಿಲಲ್ಲಿ ಇಟ್ಟ ಹಾಗೆ. ಎರಡನೆಯ ಮೆಚ್ಚು ಏಳನೆಯದು, ಹುಲಿಗಿ ಬುಂದಿ. ಅದರಲ್ಲಿ ಹೊಳೆಯ ಸೇತುವೆ ಮೇಲೆ ಹೋಗುವ ರೈಲು ಕೂಗುತ್ತದೆ, ಇವರು ಅದರ ಕೂಗನ್ನು ಹಿಡಿದು ಊರಾಚೆ ತನಕ ಕಳಿಸಿ ಬರುತ್ತಾರೆ.

ನಾಲ್ಕನೆಯದು ಕನಕಗಿರಿ ಶಿರಾ. ಅದೆಂದರೆ ಅವರಿಗಾಗುತ್ತಿರಲಿಲ್ಲ. ಉಸಿರು ಅವತ್ತಿನಷ್ಟು ಎಂದೂ ಏರಿರಲಿಲ್ಲ. ಏರಿ ಇನ್ನೇನು ತುದಿ ಮುಟ್ಟಬೇಕು, ಆಗ ತಾಸೆ ಬಡಿಯಲು ಬಂದಿದ್ದ, ಇನ್ನೂ ಮೀಸೆ ಮೂಡದ ಮಗ ಸೊಹೇಲ ಅಡ್ಡ ಬಂದು, "ಅಬ್ಬಾ, ಪಂಕ್ತಿ ಕುಂತೈತಿ, ಬರ್ರಿ" ಎಂದು ಕೂಗಿದ್ದ. ಊದು ಅಲ್ಲಿಗೇ ನಿಂತಿತ್ತು. ಬೇಕೆಂತಲೇ ಕೂಗಿದ್ದ ಎನ್ನುವುದು ಜಿಲಾನಸಾಬರ ತೀರ್ಮಾನ. ನಾಲ್ಕನೆಯದನ್ನು ಹಚ್ಚಿದರೆ ಆ ಕೂಗು ಬರುವ ಮೊದಲೇ ಆರಿಸಿಬಿಡುತ್ತಿದ್ದರು.

ಮೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆಯಿಂದ ಒಸಡು ಸಡಿಲಾಗಿ ಮುಂದಿನ ಹಲ್ಲುಗಳು ಹೋದವು. ಹಲ್ಲಿಲ್ಲದ ಬಾಯಿಗೆ ಸ್ಯಾಕ್ಸೊಫೋನ್ ನಿಲ್ಲುವುದಿಲ್ಲ. ಕಟ್ಟಿಸಿದ ಹಲ್ಲು ಊದಿದ ಕೂಡಲೇ ಜಾರುತ್ತದೆ. ಬ್ಯಾಂಡು ಸೊಹೇಲನ ಕೈಗೆ ಹೋಯಿತು. ಅದೇ ಮಳೆಗಾಲದಲ್ಲಿ ಸಿಡಿಲಿಗೆ ಕೊಟ್ರೇಶನ ಕಂಪ್ಯೂಟರು ಸುಟ್ಟಿತು. ಅದಕ್ಕೂ ಮೊದಲು ಅವನು ಒಂಬತ್ತನ್ನೂ ಒಂದು ಮೆಮೊರಿ ಕಾರ್ಡಿಗೆ ಹಾಕಿ ಇವರಿಗೆ ಕೊಟ್ಟಿದ್ದ. ಉಳಿದದ್ದು ಅದೊಂದೇ.

"ಒಂದು ಸಲ ಕೊಡ್ರಿ ಚಾಚಾ, ಇನ್ನೊಂದು ಕಡೆ ಇಳಿಸಿ ಕೊಡತೀನಿ" ಎಂದು ಕೊಟ್ರೇಶ ಎಷ್ಟೋ ಸಲ ಕೇಳಿದ.

"ಒಂದು ಇದ್ರ ನಂದು ಅಂತ ಗೊತ್ತಿರತೈತಿ. ಎರಡಾದ್ರ ಎರಡನೇದು ಯಾರದು?" ಎಂದು ಇವರು ಕೊಡಲಿಲ್ಲ. ಉಗುರಿನಷ್ಟಿದ್ದ ಕಾರ್ಡನ್ನು ಹಳೆಯ ಸುಣ್ಣದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಒಳಜೇಬಿನಲ್ಲಿಟ್ಟು, ದಿನಕ್ಕೆ ಹತ್ತು ಸಲ ಜೇಬನ್ನು ಮುಟ್ಟಿ ನೋಡುತ್ತಿದ್ದರು.

ಈ ಭಾದ್ರಪದದಲ್ಲಿ ಒಂದು ಸೋಮವಾರ ಡಬ್ಬಿ ತೆಗೆದರೆ ಕಾರ್ಡು ಇಲ್ಲ.

ಅದೇ ವಾರ ಮನೆಯಲ್ಲಿ ಇನ್ನೊಂದು ಕಳವೂ ಆಗಿತ್ತು. ಹೆಂಡತಿ ತಾಜಬೀ ಸೊಸೆ ಅತೀಯಾಳ ಬಾಣಂತನಕ್ಕೆಂದು ಹೊಲಿದಿದ್ದ ಕೌದಿ ಕಾಣೆಯಾಗಿತ್ತು. ಹಳೆಯ ಬಟ್ಟೆಯ ತುಂಡುಗಳನ್ನೆಲ್ಲ ಕೂಡಿಸಿ, ನಡುವೆ ಗಂಡನ ಹರಿದ ಬ್ಯಾಂಡ್ ಕೋಟಿನ ಕೆಂಪು ಚೌಕ ಇಟ್ಟು ಹೊಲಿದ ಕೌದಿ. ಪಕ್ಕದ ಮನೆಯ ಯಮನೂರಪ್ಪನ ಬಟ್ಟೆ ಒಣಹಾಕುವ ಹಗ್ಗದ ಮೇಲೆ ತಾಜಬೀಗೆ ಸಂಶಯದ ಕಣ್ಣು. ಜಿಲಾನಸಾಬರಿಗೆ ಮಾತ್ರ ಕೌದಿಯ ಚಿಂತೆ ಇರಲಿಲ್ಲ.

"ಕಡೀಕ ಯಾವಾಗ ತಗದಿದ್ರಿ?" ಎಂದು ತಾಜಬೀ ಕೇಳಿದರು.

"ಶುಕ್ರವಾರ ತಗದಿದ್ದೆ. ಕೇಳಿದೆ, ಹೊಳ್ಳಿ ಇಟ್ಟೆ. ಡಬ್ಬಿ ಮುಚ್ಚಿದ್ದು ನನಗ ಛಲೋ ನೆನಪೈತಿ. ಮುಚ್ಚಿದ ಡಬ್ಬಿಯಿಂದ ಹೋಗೇತಿ ಅಂದ್ರ ತಗದಾವ ಮನಿಯವನೇ."

ಕೊಟ್ರೇಶನ ಮೇಲೆ ಅರ್ಧ ದಿನ ಸಂಶಯ ಪಟ್ಟರು. ಅವನು ಹದಿನೈದು ದಿನದಿಂದ ಊರಲ್ಲಿರಲಿಲ್ಲ. ಉಳಿದವನು ಸೊಹೇಲ. ಕಾರಣವೂ ಇತ್ತು. ಒಮ್ಮೆ ಬ್ಯಾಂಡು ಗೊತ್ತು ಮಾಡಲು ಬಂದವರ ಎದುರಿಗೆ ಮುದುಕ ಮೂರನೆಯದನ್ನು ಹಚ್ಚಿ ಕೂತಾಗ, "ಅಬ್ಬಾ, ಇದನ್ನ ಮಂದಿಗೆ ಕೇಳಸಬ್ಯಾಡ್ರಿ. ಲಗ್ನ ಹಿಡದಾವ್ರು ಅಪಶಕುನ ಅಂತಾರ" ಎಂದು ಸೊಹೇಲ ಆಡಿದ್ದ. ಆ ಮಾತನ್ನು ಜಿಲಾನಸಾಬರು ಅವತ್ತೇ ಗಂಟು ಹಾಕಿಟ್ಟುಕೊಂಡಿದ್ದರು. ಈಗ ಬಿಚ್ಚಿದರು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದಾಗ, "ಹಳ್ಳಕ್ಕ ಒಗದಿಯೋ, ಒಲಿಗೆ ಹಾಕಿದಿಯೋ?" ಎಂದು ಕೇಳಿದರು.

ಸೊಹೇಲನ ತುತ್ತು ಕೈಯಲ್ಲೇ ಉಳಿಯಿತು. "ಏನು ಒಗದೆ?"

"ನನ್ನ ಉಸಿರು."

"ನಾ ಮುಟ್ಟಿಲ್ಲ."

"ಹಂಗಾರ ಪ್ರಮಾಣ ಮಾಡು."

ಸೊಹೇಲ ತಟ್ಟೆಯನ್ನು ಮೆಲ್ಲಗೆ ಸರಿಸಿದ. "ಮಾಡಂಗಿಲ್ಲ ಅಬ್ಬಾ. ಇಷ್ಟು ವರ್ಷ ಜೋಡಿ ಬಾರಿಸಿದ ಮ್ಯಾಲೂ ಪ್ರಮಾಣ ಬೇಕಂದ್ರ, ಪ್ರಮಾಣ ಮಾಡಿದ ಮ್ಯಾಲೂ ನೀವು ನಂಬಂಗಿಲ್ಲ."

ಪ್ರಮಾಣ ಮಾಡದವನು ಕಳ್ಳನೇ ಎಂದು ಜಿಲಾನಸಾಬರು ತೀರ್ಮಾನಿಸಿದರು. ಅಂದಿನಿಂದ ಮಗ ಕೂತ ಪಂಕ್ತಿಯಲ್ಲಿ ಉಣ್ಣಲಿಲ್ಲ. ತಾಜಬೀ ಎರಡು ಸಲ ಬಡಿಸಬೇಕಾಯಿತು. "ಒಂದು ಮನ್ಯಾಗ ಎರಡು ಪಂಕ್ತಿ ಮಾಡಿದ್ರಿ. ಇನ್ನ ಬ್ಯಾಂಡೊಂದು ಕಮ್ಮಿ ನೋಡ್ರಿ" ಎಂದು ಆಕೆ ಚುಚ್ಚಿದರೂ ಮುದುಕ ಅಲುಗಲಿಲ್ಲ. ಮಗ ಹೊರಗೆ ಹೋದಾಗ ಅವನ ಪೆಟ್ಟಿಗೆ ಶೋಧಿಸಿದರು. ಬಚ್ಚಲ ಒಲೆಯ ಬೂದಿ ಕೆದಕಿದರು. ಅತೀಯಾ ಫೋನಿನಲ್ಲಿ ನಕ್ಕರೆ ಕದಕ್ಕೆ ಕಿವಿ ಕೊಟ್ಟರು.

ಹೀಗೆ ಹದಿನೆಂಟು ದಿನ ಕಳೆದವು. ಹತ್ತೊಂಬತ್ತನೆಯ ದಿನ ಮುಂಜಾನೆ ಬೇವೂರಿನ ದೊಡ್ಡಬಸಪ್ಪ ಬಾಗಿಲಿಗೆ ಬಂದ.

ಇಲ್ಲೊಂದು ಮಾತು ಹೇಳಬೇಕು. ಆಷಾಢದಿಂದ ಭಾದ್ರಪದದ ತನಕ ಲಗ್ನಗಳು ಕಡಿಮೆ. ಬ್ಯಾಂಡಿನ ಮೈಕು, ಧ್ವನಿವರ್ಧಕದ ಹಾರ್ನು ಎಲ್ಲ ಮೂಲೆ ಸೇರುತ್ತವೆ. ಅದೇ ಹೊತ್ತಿಗೆ ಯಲಬುರ್ಗಾ ಕಡೆಯ ಒಣಹೊಲಗಳಲ್ಲಿ ಸಜ್ಜೆ ತೆನೆ ಹಾಲು ತುಂಬುತ್ತದೆ, ಗಿಳಿ ಗುಬ್ಬಿಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಹಾಗಾಗಿ ಸೊಹೇಲ ಹಳೆಯ ಹಾರ್ನ್ ಸೆಟ್ಟುಗಳನ್ನು ರೈತರಿಗೆ ಬಾಡಿಗೆಗೆ ಕೊಡುತ್ತಿದ್ದ. ಅದರೊಳಗೆ ನಾಯಿ ಬೊಗಳುವುದು, ಪಟಾಕಿ, ತಗಡು ಬಡಿಯುವ ಸದ್ದು ತುಂಬಿರುತ್ತಿತ್ತು. ದೊಡ್ಡಬಸಪ್ಪ ಒಯ್ದದ್ದೂ ಅಂಥ ಒಂದು ಸೆಟ್ಟು.

"ಇನ್ನ ಎಂಟು ದಿನ ಇರಲಿ ಅಂತ ಸೊಹೇಲಗ ಹೇಳ್ರಿ ಸಾಬರ" ಎಂದ ದೊಡ್ಡಬಸಪ್ಪ. "ಭಾಳ ಛಲೋ ಐತಿ. ಹೋದ ವರ್ಷ ನಾಯಿ ಸದ್ದಿಗೆ ಗಿಳಿ ಮೂರು ದಿನಕ್ಕ ರೂಢಿ ಆಗಿದ್ವು, ಹಾರ್ನಿನ ಮ್ಯಾಲ ಬಂದು ಕುಂದ್ರತಿದ್ವು. ಈ ಸಲದ ಪ್ರಾಣಿಗೆ ರೂಢಿ ಆಗವಲ್ವು. ಅದು ಮುಂದ ಏನು ಮಾಡತೈತಿ ಅನ್ನೋದು ಹಕ್ಕಿಗೂ ತಿಳಿಯಂಗಿಲ್ಲ, ನಮಗೂ ತಿಳಿಯಂಗಿಲ್ಲ. ಯಾವ ಪ್ರಾಣಿರಿ ಅದು?"

"ಯಾವ ಪ್ರಾಣಿ?"

ದೊಡ್ಡಬಸಪ್ಪ ಕೊರಳುಬ್ಬಿಸಿ, ಕಣ್ಣು ಮುಚ್ಚಿ, ಒಂದು ಸದ್ದು ಮಾಡಿ ತೋರಿಸಿದ. ಎಷ್ಟು ಕೆಟ್ಟದಾಗಿ ಮಾಡಿದರೇನು, ತಂದೆಗೆ ಮಗುವಿನ ಗುರುತು ಸಿಕ್ಕದೇ? ಅದು ಕುಷ್ಟಗಿ ಬದನೆಕಾಯಿ.

ಜಿಲಾನಸಾಬರ ಕೈ ಜೇಬಿಗೆ ಹೋಯಿತು, ಖಾಲಿ ಡಬ್ಬಿ ಹಿಡಿದು ನಿಂತಿತು. ಹಳ್ಳಕ್ಕೆ ಒಗೆದಿದ್ದರೂ ಸಹಿಸಬಹುದಿತ್ತು. ಮಗ ತನ್ನ ಉಸಿರನ್ನು ಹಕ್ಕಿ ಓಡಿಸಲು ಬಾಡಿಗೆಗೆ ಬಿಟ್ಟಿದ್ದಾನೆ! ಮನೆಯಲ್ಲಿ ಯಾರಿಗೂ ಹೇಳದೆ, ಚಪ್ಪಲಿ ಮೆಟ್ಟಿ, "ನಡೀರಿ, ನಾನೂ ಬರತೀನಿ" ಎಂದರು.

ಕೊಪ್ಪಳಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ದಾರಿಯುದ್ದಕ್ಕೂ ದೊಡ್ಡಬಸಪ್ಪನನ್ನು ಓರೆಗಣ್ಣಿನಲ್ಲಿ ನೋಡಿದರು. ಈತನೂ ಸಂಚಿನಲ್ಲಿ ಇದ್ದಾನೋ ಏನೋ. ದೊಡ್ಡಬಸಪ್ಪ ಕೊಟ್ಟ ಶೇಂಗಾವನ್ನು ಮೂಸಿ ನೋಡಿ, ಹಲ್ಲಿಲ್ಲ ಎಂದು ನೆಪ ಹೇಳಿ ಮರಳಿಸಿದರು.

ಬೇವೂರಿನ ಹೊಲಕ್ಕೆ ಬಂದಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ಆಳೆತ್ತರದ ಸಜ್ಜೆ, ನಡುವೆ ನಾಲ್ಕು ಗೂಟದ ಮೇಲೆ ಕಟ್ಟಿದ ಅಟ್ಟಣಿಗೆ. ಅದರ ಮೇಲೆ ಹಕ್ಕಿ ಕಾಯುವ ಮಾರೆಮ್ಮ ಕೂತಿದ್ದಳು. ಅರವತ್ತರ ಹೆಂಗಸು, ಸೊಂಟಕ್ಕೆ ಕವಣೆ ಸುತ್ತಿಕೊಂಡಿದ್ದಳು, ಪಕ್ಕದಲ್ಲಿ ಹಾರ್ನ್ ಸೆಟ್ಟು. ದೊಡ್ಡಬಸಪ್ಪ ದೂರದಿಂದಲೇ, "ಮಾರೆಮ್ಮಾ, ಇವ್ರು ಸೆಟ್ಟು ನೋಡಾಕ ಬಂದಾರ" ಎಂದು ಕೂಗಿ ಎತ್ತಿಗೆ ನೀರು ತೋರಿಸಲು ಹೋದ.

ಜಿಲಾನಸಾಬರು ಏಣಿ ಹಿಡಿದು ಏರಿ ಸೆಟ್ಟಿಗೆ ಕೈ ಚಾಚಿದರು. ಮಾರೆಮ್ಮ ಅದನ್ನು ತನ್ನ ಹಿಂದಕ್ಕೆ ಸರಿಸಿಕೊಂಡಳು.

"ಮುಟ್ಟಬ್ಯಾಡ್ರಿ. ನೋಡಾಕ ಬಂದಾವ್ರು ಕಣ್ಣಲೆ ನೋಡ್ರಿ."

"ಅದರಾಗಿನ ಕಾರ್ಡು ನಂದವ್ವ. ಊದಿದಾವ ನಾನು."

ಮಾರೆಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಹೋದ ವಾರ ಒಬ್ಬಾವ ಬಂದು ಬ್ಯಾಟರಿ ನಂದು ಅಂದ. ನೀವು ಕಾರ್ಡು ನಂದು ಅಂತೀರಿ. ಹಲ್ಲಿಲ್ಲದ ಬಾಯಾಗ ಏನು ಊದತೀರಿ, ಒಲಿ?"

ಲೋಕವನ್ನೆಲ್ಲ ಸಂಶಯಿಸಿದ ಮನುಷ್ಯನಿಗೆ ಯಾರಾದರೂ ತನ್ನನ್ನು ಸಂಶಯಿಸಿದರೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಊದಿ ತೋರಿಸುವಂತಿಲ್ಲ. ಹೆಸರು ಬರೆದಿಲ್ಲ. ಕಡೆಗೆ, "ಏಳನೇದು ಹಚ್ಚು. ಮುಂದ ಏನು ಬರತೈತಿ ಹೇಳತೀನಿ" ಎಂದರು.

ಮಾರೆಮ್ಮ ಹಚ್ಚಿದಳು. ಹಾರ್ನು ಕೂಗಿತು. ಸಜ್ಜೆಯೊಳಗಿಂದ ಗುಬ್ಬಿಗಳ ಹಿಂಡು ಬುರ್ರೆಂದು ಎದ್ದಿತು.

"ಈಗ ರೈಲು" ಎಂದರು ಜಿಲಾನಸಾಬ. ರೈಲು ಕೂಗಿತು.

"ಈಗ ಬಕೆಟ್ಟು ಬೀಳತೈತಿ." ಬಕೆಟ್ಟು ಬಿತ್ತು.

"ಈಗ ಒಬ್ಬಾವ ಸಾರು ಯಾರಿಗೆ ಅಂತಾನ. ಮ್ಯಾಲ ಒಂದು ಕೆಮ್ಮು. ಕೆಮ್ಮಿದಾವ ಕೊಟ್ರೇಶ, ವಿಡಿಯೋದವ."

ಸಾರು ಬಂತು, ಕೆಮ್ಮೂ ಬಂತು. ಮಾರೆಮ್ಮ ಸದ್ದು ಆರಿಸಿ, ಸೆರಗು ಸರಿಮಾಡಿಕೊಂಡಳು. "ನಾ ಇಷ್ಟು ದಿನ ಅದನ್ನ ಜ್ವರದ ಕೆಮ್ಮು ಅಂದಿದ್ದೆ. ಬರ್ರಿ, ಕುಂದರ್ರಿ" ಎಂದು ತಾನು ಕೂತಿದ್ದ ಹಾಸಿಗೆಯನ್ನು ಅರ್ಧ ಬಿಡಿಸಿ ಹಾಸಿದಳು.

ಜಿಲಾನಸಾಬರು ಕೂರಲು ಹೋಗಿ ನಿಂತರು. ಹಾಸಿದ್ದು ಕೌದಿ. ನಡುವೆ ಕೆಂಪು ಚೌಕ, ಅದರ ಅಂಚಿಗೆ ಮಾಸಿದ ಬಂಗಾರ ಪಟ್ಟಿ.

"ಇದು ಎಲ್ಲೀದು?"

"ಹಾರ್ನಿಗೆ ಸುತ್ತಿತ್ತು, ಹಂಗ ಬಂತು. ಹಾರ್ನಿಗೆ ಥಂಡಿ ಆಗತೈತೇನೋ ಅಂತ ನಾವು ನಕ್ವಿ."

ಶುಕ್ರವಾರ ಆಗ ಪೂರ್ತಿ ನೆನಪಾಯಿತು. ಹೆಂಗಸರು ನೆಂಟರ ಮನೆಗೆ ಹೋಗಿದ್ದರು, ಸೊಹೇಲ ಹೊರಗಿದ್ದ. ಫೋನಿನಲ್ಲಿ ತನ್ನ ಊದು ಸೊಳ್ಳೆಯಂತೆ ಕೇಳುತ್ತದೆಂದು, ಒಂದು ಸಲ ದೊಡ್ಡದಾಗಿ ಕೇಳಬೇಕೆಂದು, ಕಾರ್ಡನ್ನು ಹಾರ್ನ್ ಸೆಟ್ಟಿಗೆ ಹಾಕಿದ್ದರು. ಓಣಿಗೆ ಕೇಳಬಾರದೆಂದು ಹಾರ್ನಿಗೆ ಕೌದಿ ಸುತ್ತಿದ್ದರು. ನಡುವೆ ಯಮನೂರಪ್ಪ ಬಾಗಿಲು ಬಡಿದು ಚಹಾಕ್ಕೆ ಕರೆದಿದ್ದ. ಅವನಿಗೆ ಗೊತ್ತಾಗಬಾರದೆಂದು ಸರಕ್ಕನೆ ಆರಿಸಿ, ಡಬ್ಬಿ ಮುಚ್ಚಿ ಜೇಬಿಗೆ ಹಾಕಿಕೊಂಡು ಹೊರಟಿದ್ದರು. ಡಬ್ಬಿ ಮುಚ್ಚಿದ್ದು ನಿಜವೇ. ಬರಿಯ ಖಾಲಿ ಡಬ್ಬಿ. ಚಹಾ ಕುಡಿದು ಬರುವಷ್ಟರಲ್ಲಿ ಸೊಹೇಲ ಬಂದು, ಸುತ್ತಿದ ಬಟ್ಟೆ ಯಾವುದೆಂದು ನೋಡದೆ ಸೆಟ್ಟನ್ನು ದೊಡ್ಡಬಸಪ್ಪನ ಗಾಡಿಗೆ ಏರಿಸಿ ಕಳಿಸಿದ್ದ.

ಜಿಲಾನಸಾಬರು ಕೆಂಪು ಚೌಕ ಬಿಟ್ಟು ಅಂಚಿಗೆ ಕೂತರು.

ಮಾರೆಮ್ಮನಿಗೆ ಇದೊಂದೂ ತಿಳಿಯದು. ಊದಿದವರೇ ಸಿಕ್ಕಿದರಲ್ಲ ಎಂದು ಆಕೆ ಉತ್ಸಾಹದಲ್ಲಿದ್ದಳು. "ಒಂದನೇದಕ್ಕ ಗುಬ್ಬಿ ಏಳತಾವ. ಮೂರನೇದು ಗಿಳಿಗೆ. ಅದರಾಗ ಎಲ್ಲಾ ಸುಮ್ಮನಾಗತೈತಲ್ಲ, ಆ ಸುಮ್ಮನಕ್ಕ ಗಿಳಿ ಅಂಜತಾವ, ಸದ್ದಿಗಲ್ಲ. ಎಂಟನೇದು ಹಂದಿಗೆ ಛಲೋ. ನಾಲ್ಕನೇದು ಮಾತ್ರ ಹಕ್ಕಿಗೆ ಹಾಕಂಗಿಲ್ಲ. ಅದು ನಂದು."

"ಅದು ಹಾಳಾಗೇತಿ. ಕಡೀಕ ಒಬ್ಬ ಕೂಗಿ ಕೆಡಿಸ್ಯಾನ."

"ಏನು ಕೆಡಿಸ್ಯಾನ್ರಿ? ಆ ಕೂಸು ಕರೀಲಿಲ್ಲ ಅಂದ್ರ ಊದಾವ ಅಲ್ಲೇ ಊದಿ ಊದಿ ಎದಿ ಒಡದು ಸಾಯತಿದ್ದ. ಕರದ ಕೂಡಲೇ ನಾನೂ ಬುತ್ತಿ ಬಿಚ್ಚತೀನಿ. ನನ್ನನ್ನ ಈ ಹೊಲದಾಗ ಊಟಕ್ಕ ಕರಿಯಾವ್ರು ಮತ್ತ್ಯಾರದಾರ?" ಎಂದು ಆಕೆ ಬಿಸಿಲು ನೋಡಿದಳು. "ಹೊತ್ತೂ ಆತು. ಹಚ್ಚತೀನಿ ತಡೀರಿ."

ಸದ್ದು ತಗ್ಗಿಸಿ ಹಚ್ಚಿದಳು. ಉಸಿರು ಏರಿತು, ಇನ್ನೂ ಏರಿತು. ಜಿಲಾನಸಾಬರ ಕೈ ರೂಢಿಯಂತೆ ಆರಿಸಲು ಮೇಲೆದ್ದಿತು. ಸೆಟ್ಟು ಮಾರೆಮ್ಮನ ಆ ಬದಿಗಿತ್ತು, ನಿಲುಕಲಿಲ್ಲ.

"ಅಬ್ಬಾ, ಪಂಕ್ತಿ ಕುಂತೈತಿ, ಬರ್ರಿ" ಎಂದಿತು ಹಾರ್ನು. ಊದು ನಿಂತಿತು. ಆಮೇಲೆ, ಅವರು ಇಷ್ಟು ವರ್ಷ ಒಮ್ಮೆಯೂ ಕಾದು ಕೇಳದಿದ್ದ ಜಾಗದಲ್ಲಿ, ಅದೇ ಎಳೆಯ ದನಿ ಮೆಲ್ಲಗೆ ಇನ್ನೊಂದು ಮಾತು ಸೇರಿಸಿತು: "ನಿಮಗಂತ ಜಾಗಾ ಹಿಡದೀನಿ. ಯಾರ್ನೂ ಕುಂದರಿಸಿಲ್ಲ."

ಮಾರೆಮ್ಮ ಬುತ್ತಿ ಬಿಚ್ಚಿದಳು. ಜಿಲಾನಸಾಬರು ಬಹಳ ಹೊತ್ತು ಫೋನನ್ನು ಕೈಯಲ್ಲಿ ತಿರುಗಿಸಿ, ಆಮೇಲೆ ಮಗನಿಗೆ ಹಚ್ಚಿದರು.

"ಕಾರ್ಡು ಸಿಕ್ತು."

"ಎಲ್ಲಿ?" ಎಂದ ಸೊಹೇಲ. ದನಿ ಇನ್ನೂ ಬಿಗಿಯಾಗಿಯೇ ಇತ್ತು.

"ಬೇವೂರಾಗ. ಹಾರ್ನ್ ಸೆಟ್ಟಿನ ಒಳಗ."

"ನಾನೇ ಹಾಕಿ ಕಳಿಸೀನಿ ಅಂತೀರೇನು ಈಗ?"

"ಕೌದಿನೂ ಇಲ್ಲೇ ಐತಿ." ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಮುಗಿಸಲಿಲ್ಲ. "ಹಾರ್ನಿಗೆ ಸುತ್ತಿದಾವ ನಾನು. ಕಾರ್ಡು ಹಾಕಿ ಮರತಾವನೂ ನಾನು. ನೀ ಮುಟ್ಟಿಲ್ಲ."

ಸೊಹೇಲ, "ಕೌದಿ ಸುದ್ದಿ ಅಮ್ಮಿಗೆ ನೀವ ಹೇಳ್ರಿ. ನಾ ಹೇಳಂಗಿಲ್ಲ. ಆಕಿ ಯಮನೂರಪ್ಪನ ಮನಿಯವ್ರ ಜೋಡಿ ಮಾತು ಬಿಟ್ಟು ಹದಿನೆಂಟು ದಿನ ಆತು" ಎಂದ.

"ಹೇಳತೀನಿ. ನೀ ಈಗ ಗಾಡಿ ತಗೊಂಡು ಇಲ್ಲಿಗೆ ಬಾ. ಇನ್ನೊಂದು ಕಡೆ ಇಳಸತಾರಲ್ಲ, ಅದಕ್ಕ ಏನು ಬೇಕೋ ತಗೊಂಡು ಬಾ. ಸಜ್ಜಿ ಕೊಯ್ಯೋ ತನಕ ಕಾರ್ಡು ಈ ಅವ್ವನ ಹತ್ರ ಇರಲಿ."

"ಯಾರ ಕೈಗೂ ಕೊಡಂಗಿಲ್ಲ ಅಂದಿದ್ರಿ."

"ನೀ ಬಾ ಮೊದಲ. ಊಟ ಆಗೇತೇನು?"

"ಇಲ್ಲ."

"ಹಂಗಾರ ಲಗು ಬಾ."

ಮಾರೆಮ್ಮ ಎರಡು ಸಜ್ಜೆ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಮುಂದಿಟ್ಟಳು. ಆಕೆ ತಿನ್ನುವಳೋ ಇಲ್ಲವೋ ಎಂದು ನೋಡದೆ ಜಿಲಾನಸಾಬರು ಮೊದಲ ತುತ್ತು ತಾವೇ ತೆಗೆದುಕೊಂಡರು. ಒಂದು ರೊಟ್ಟಿಯನ್ನು ಮುಟ್ಟದೆ ಬದಿಗಿಟ್ಟರು. ಕೌದಿಯ ಕೆಂಪು ಚೌಕದ ಮೇಲೆ ಸುಣ್ಣದ ಡಬ್ಬಿ ಇಟ್ಟು, "ಈ ಜಾಗಾ ನನ್ನ ಮಗನಿಗೆ. ಇಲ್ಲಿ ಯಾರೂ ಕುಂದ್ರಬಾರದು" ಎಂದರು.

ಮಾರೆಮ್ಮ ಸುತ್ತ ನೋಡಿದಳು. ಕಣ್ಣು ಹಾಯುವ ತನಕ ಸಜ್ಜೆ, ಅದರಾಚೆ ನೀರಿನ ತೊಟ್ಟಿಯ ಬಳಿ ಎತ್ತಿನ ಜೊತೆ ದೊಡ್ಡಬಸಪ್ಪ.

"ಇಲ್ಲಿ ಬಂದು ಕುಂದ್ರಾಕ ಮತ್ತ್ಯಾರದಾರ್ರಿ?"

ಜಿಲಾನಸಾಬರು ತೊಟ್ಟಿಯ ಕಡೆ ಒಮ್ಮೆ ಓರೆಯಾಗಿ ನೋಡಿದರು.

"ಹೇಳಾಕ ಬರಂಗಿಲ್ಲವ್ವ" ಎಂದರು.